ಗುರುವಿಲ್ಲದೆ ಮರಳಿ ಬಂದ ಕೊಳಲು

ಸಂಗೀತವಿದ್ಯೆಯು ಗುರುಮುಖದಿಂದಲೇ ಬರತಕ್ಕುದು, ಪುಸ್ತಕವನ್ನು ಮುಂದಿರಿಸಿಕೊಂಡು ಕಲಿತ ಹಾಡು ಹಾಡಲ್ಲ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತ ಬಂದಿರುವರು. ಅದರಲ್ಲಿ ಸತ್ಯವಿಲ್ಲದಿಲ್ಲ. ಗಮಕವೊಂದನ್ನು ಹತ್ತು ಪುಟಗಳಲ್ಲಿ ವರ್ಣಿಸಿದರೂ ಗುರುವು ಒಂದು ಸಲ ಹಾಡಿ ತೋರಿಸಿದಷ್ಟು ತಿಳಿಯಲಾರದು. ಹೀಗಿರಲು, ಒಂದು ವಾದ್ಯವನ್ನು ಬಲ್ಲ ಗುರುಗಳೂ ತೀರಿಹೋಗಿ, ಶಿಷ್ಯರೂ ಇಲ್ಲವಾಗಿ, ನೂರೈವತ್ತು ವರ್ಷಗಳ ಕಾಲ ಅದನ್ನು ಊದುವವರೇ ಹೆಚ್ಚು ಕಡಮೆ ಇಲ್ಲದೆ ಹೋದರೆ ಆ ವಿದ್ಯೆಯ ಗತಿಯೇನು? ಅದನ್ನು ಮರಳಿ ಪಡೆಯುವುದು ಸಾಧ್ಯವೇ? ಯೂರೋಪಿನಲ್ಲಿ ರೆಕಾರ್ಡರ್ ಎಂಬ ಕೊಳಲಿಗೆ ಇಂತಹ ದೆಸೆಯೇ ಒದಗಿತ್ತು. ಆದರೂ ಇಂದು ಇಂಗ್ಲೆಂಡು, ಜರ್ಮನಿ, ಹಾಲೆಂಡು, ಅಮೆರಿಕ, ಜಪಾನು ಮೊದಲಾದ ದೇಶಗಳಲ್ಲಿ ಸಂಜೆಯ ವೇಳೆ ನಾಲ್ಕಾರು ಮಂದಿ ಮನೆಯ ನಡುಕೋಣೆಯಲ್ಲಿ ಕುಳಿತು, ನಾನೂರು ವರ್ಷಗಳ ಹಿಂದಿನ ಕೃತಿಗಳನ್ನು ಅದೇ ಕೊಳಲಿನಲ್ಲಿ ಕೂಡಿ ನುಡಿಸುತ್ತಿರುವರು. ಅದು ಹೇಗಾಯಿತೆಂಬುದನ್ನೂ ಅವರು ಕಲಿಯುವ ಬಗೆ ಎಂತಹದೆಂಬುದನ್ನೂ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ರೆಕಾರ್ಡರ್ ಎಂದೊಡನೆ ಇಂದಿನವರಿಗೆ ಧ್ವನಿಯನ್ನು ಹಿಡಿದಿಡುವ ಯಂತ್ರವು ನೆನಪಿಗೆ ಬರುವುದು ಸಹಜವೇ. ಆದರೆ ಈ ಹೆಸರು ಆ ಯಂತ್ರಕ್ಕಿಂತ ಬಹಳ ಹಳೆಯದು. ಆ ಪದದ ಧಾತುವಿಗೆ ಇಂಗ್ಲಿಷಿನಲ್ಲಿ ಹಿಂದೆ ಬಾಯಿಪಾಠ ಮಾಡು, ಮರಳಿ ಮರಳಿ ಹೇಳು ಎಂಬ ಅರ್ಥವಿದ್ದಿತು. ಹಕ್ಕಿಯು ಮೆಲ್ಲನೆ ಹಾಡಿಕೊಳ್ಳುವುದಕ್ಕೂ ಆ ಮಾತನ್ನೇ ಬಳಸುತ್ತಿದ್ದರು. ನಮ್ಮ ಕೊಳಲನ್ನು ಅಡ್ಡವಾಗಿ ಹಿಡಿದು, ತುಟಿಯನ್ನು ರಂಧ್ರಕ್ಕೆ ಹದವಾಗಿ ಒಡ್ಡಿ ನಾದವನ್ನು ಹುಟ್ಟಿಸಬೇಕು. ಹೊಸಬನಿಗೆ ಅದೊಂದೇ ತಿಂಗಳುಗಟ್ಟಲೆ ಸಾಧನೆ. ರೆಕಾರ್ಡರನ್ನಾದರೋ ಬಾಯಿಗೆ ನೇರವಾಗಿ ಇಟ್ಟುಕೊಳ್ಳುವರು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಪೀಪಿಯಂತೆ, ಉಸಿರು ಇಕ್ಕಟ್ಟಾದ ಒಂದು ಸೀಳಿನ ಮೂಲಕ ಹರಿದು, ಎದುರಿಗಿರುವ ಹರಿತವಾದ ಅಂಚಿಗೆ ತಗುಲಿ ತಾನಾಗಿಯೇ ನುಡಿಯುವುದು. ಮುಂಭಾಗದಲ್ಲಿ ಏಳು ರಂಧ್ರಗಳು. ಹಿಂಭಾಗದಲ್ಲಿ ಎಡಗೈಯ ಹೆಬ್ಬೆಟ್ಟಿಗೆ ಒಂದು. ಈ ಹೆಬ್ಬೆಟ್ಟಿನ ರಂಧ್ರವನ್ನು ಕೂದಲೆಳೆಯಷ್ಟು ತೆರೆದರೆ ಮೇಲಿನ ಸ್ಥಾಯಿಯು ದೊರಕುವುದು. ಸಾಮಾನ್ಯವಾಗಿ ಪೇರು, ಮೇಪಲ್, ಬಾಕ್ಸ್ ಮೊದಲಾದ ಮರಗಳಲ್ಲಿ ಇದನ್ನು ಕಡೆಯುವರು.

ಇದು ಒಂಟಿ ವಾದ್ಯವಲ್ಲ, ಒಂದು ಸಂಸಾರ. ಗೇಣಿಗಿಂತ ತುಸು ಉದ್ದವಾದ ಡೆಸ್ಕಾಂಟ್, ಅದಕ್ಕಿಂತ ದೊಡ್ಡದಾದ ಟ್ರೆಬಲ್, ಮೊಳಕ್ಕೂ ಮೀರಿದ ಟೆನರ್, ಸುಮಾರು ಒಂದು ಮೀಟರು ಉದ್ದದ ಬಾಸ್ ಎಂಬ ನಾಲ್ಕು ಮುಖ್ಯವಾದವು. ಇವಕ್ಕಿಂತ ಚಿಕ್ಕವೂ ಇವೆ, ಆಳೆತ್ತರದವೂ ಇವೆ. 1511ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಸೆಬಾಸ್ಟಿಯಾನ್ ವಿರ್ದುಂಗನ ಗ್ರಂಥದಲ್ಲಿ ಇವುಗಳ ಚಿತ್ರವೂ ಬೆರಳಿಡುವ ಕ್ರಮವೂ ಇವೆ. ಒಂದೇ ಪೆಟ್ಟಿಗೆಯಲ್ಲಿ ನಾಲ್ಕನ್ನೋ ಆರನ್ನೋ ಜೊತೆಗೂಡಿಸಿ ಮಾಡುವುದು ರೂಢಿಯೆಂದು ಅವನು ಬರೆದಿರುವನು. ಏಕೆಂದರೆ ಬೇರೆ ಬೇರೆ ಕುಶಲಿಗಳು ಮಾಡಿದ ಕೊಳಲುಗಳ ಶ್ರುತಿಯು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದೇ ಕೈಯಲ್ಲಿ, ಒಂದೇ ಕಾಲದಲ್ಲಿ ಆದವುಗಳೇ ಕೂಡಿ ನುಡಿಯತಕ್ಕವು. 1619ರಲ್ಲಿ ಜರ್ಮನಿಯ ಮಿಖಾಯೆಲ್ ಪ್ರೆಟೋರಿಯಸ್ ಎಂಬ ಪಂಡಿತನು ಎಂಟು ಗಾತ್ರಗಳನ್ನು ವಿವರಿಸಿ, ಇಡಿಯ ಮೇಳವನ್ನು ವೆನಿಸ್ ನಗರದಿಂದ ಸುಮಾರು ಎಂಬತ್ತು ಟಾಲರ್ ನಾಣ್ಯಗಳಿಗೆ ತರಿಸಬಹುದೆಂದು ಗೃಹಸ್ಥನಿಗೆ ಬೆಲೆಯನ್ನೂ ತಿಳಿಸಿರುವನು. ಇಂತಹ ಗ್ರಂಥಕರ್ತರನ್ನು ಕಂಡರೆ ನಮಗೆ ಪ್ರೀತಿ. ಶಾಸ್ತ್ರವನ್ನು ಬರೆಯುವಾಗಲೂ ಕೊಳ್ಳುವವನ ಕೈಚೀಲವನ್ನು ಅವರು ಮರೆಯುವುದಿಲ್ಲ.

ಇಂಗ್ಲೆಂಡಿನ ದೊರೆಯಾದ ಎಂಟನೆಯ ಹೆನ್ರಿಯು 1547ರಲ್ಲಿ ತೀರಿಕೊಂಡಾಗ ಅರಮನೆಯ ಸಾಮಗ್ರಿಗಳ ಪಟ್ಟಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ರೆಕಾರ್ಡರುಗಳು ಸೇರಿದ್ದವು. ಅದಕ್ಕೆ ಕೆಲವು ವರ್ಷಗಳ ಮುಂಚೆ, 1540ರ ಸುಮಾರಿಗೆ, ಬಸ್ಸಾನೊ ಎಂಬ ಮನೆತನದ ಸೋದರರನ್ನು ಅವನು ವೆನಿಸಿನಿಂದ ಕರೆಸಿಕೊಂಡಿದ್ದನು. ಅವರು ಕೊಳಲನ್ನು ಮಾಡುವುದರಲ್ಲಿಯೂ ನುಡಿಸುವುದರಲ್ಲಿಯೂ ನಿಪುಣರು. ಅಣ್ಣತಮ್ಮಂದಿರೂ ಅವರ ಮಕ್ಕಳೂ ಸುಮಾರು ತೊಂಬತ್ತು ವರ್ಷಗಳ ಕಾಲ ಆ ಆಸ್ಥಾನದ ರೆಕಾರ್ಡರ್ ಮೇಳವನ್ನು ನಡೆಸಿದರೆಂದರೆ, ನಮ್ಮ ವಿದ್ವಾಂಸರ ಮನೆತನಗಳ ನೆನಪು ಬಾರದಿರದು. ಅಲ್ಲಿದ್ದುದೂ ಗುರುಪರಂಪರೆಯೇ. ತಂದೆಯಿಂದ ಮಗನಿಗೆ ವಿದ್ಯೆಯು ಕೈಯಿಂದ ಕೈಗೆ ಬರುತ್ತಿದ್ದಿತು.

ಅರಮನೆಯ ಮಾತು ಹಾಗಿರಲಿ. ಮನೆಗಳಲ್ಲಿಯೂ ಇದಕ್ಕೆ ಸ್ಥಾನವಿದ್ದಿತು. ಲಂಡನ್ನಿನ ನೌಕಾಪಡೆಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಸಾಮ್ಯುಅಲ್ ಪೀಪ್ಸ್ ಎಂಬವನ ದಿನಚರಿಯು ಪ್ರಸಿದ್ಧವಾದುದು. 1668ರ ಫೆಬ್ರವರಿಯಲ್ಲಿ ಅವನು ಒಂದು ನಾಟಕವನ್ನು ನೋಡಲು ಹೋದನು. ದೇವದೂತನು ಇಳಿದು ಬರುವ ಸಂದರ್ಭದಲ್ಲಿ ಊದಿದ ಸುಷಿರವಾದ್ಯಗಳ ನಾದವು ಅವನ ಚಿತ್ತವನ್ನು ಸೂರೆಗೊಂಡಿತು. ಆ ರಾತ್ರಿಯೆಲ್ಲ ಬೇರೆ ಯೋಚನೆಯೇ ಇಲ್ಲದೆ, ತಾನೂ ಆ ವಾದ್ಯವನ್ನು ಕಲಿಯಬೇಕು, ಹೆಂಡತಿಗೂ ಕಲಿಸಬೇಕು ಎಂದು ನಿಶ್ಚಯಿಸಿ, ಏಪ್ರಿಲ್ ತಿಂಗಳಲ್ಲಿ ಒಂದು ರೆಕಾರ್ಡರನ್ನು ಕೊಂಡು ತಂದನು. ನಾಟಕ ನೋಡಿ ಬಂದವನು ಹೆಂಡತಿಯ ಅಭಿಪ್ರಾಯವನ್ನು ಕೇಳದೆಯೇ ಅವಳ ಪಾಲಿನ ಸಾಧನೆಯನ್ನೂ ಗೊತ್ತುಮಾಡಿಬಿಟ್ಟುದು ಗೃಹಿಣಿಯರಿಗೆ ನಗೆ ತಂದೀತು.

ಇಷ್ಟು ಮನ್ನಣೆಯಿದ್ದ ವಾದ್ಯವು ಹದಿನೆಂಟನೆಯ ಶತಮಾನದ ನಡುವಣ ಭಾಗದ ಹೊತ್ತಿಗೆ ಮೂಲೆಗೆ ಬಿದ್ದಿತು. ಬಾಖನು 1721ರಲ್ಲಿ ಒಪ್ಪಿಸಿದ ಬ್ರಾಂಡೆನ್‌ಬುರ್ಗ್ ಕೃತಿಗಳಲ್ಲಿ ಎರಡಕ್ಕೆ ರೆಕಾರ್ಡರು ಬೇಕು. ಹ್ಯಾಂಡೆಲನೂ ಟೆಲೆಮಾನನೂ ಅದಕ್ಕಾಗಿ ಸೊಗಸಾದ ಕೃತಿಗಳನ್ನು ಬರೆದರು. ಅವರ ಬಳಿಕ ಬರೆಯುವವರಿಲ್ಲ. ಕಾರಣವು ಅದರ ಹುಟ್ಟಿನಲ್ಲಿಯೇ ಇದ್ದಿತು. ರೆಕಾರ್ಡರಿನಲ್ಲಿ ಉಸಿರನ್ನು ಜೋರಾಗಿ ಬಿಟ್ಟರೆ ನಾದವು ದೊಡ್ಡದಾಗುವುದಕ್ಕೆ ಬದಲಾಗಿ ಶ್ರುತಿಯು ಏರಿಬಿಡುವುದು. ಮೆಲ್ಲಗೆ ಬಿಟ್ಟರೆ ಇಳಿದುಹೋಗುವುದು. ಸಂಗೀತವು ಕೋಣೆಯನ್ನು ಬಿಟ್ಟು ಟಿಕೆಟ್ಟಿನ ಸಭಾಮಂದಿರಕ್ಕೆ ಹೋದಾಗ, ಪಿಟೀಲುಗಳ ದೊಡ್ಡ ವೃಂದದ ನಡುವೆ ಈ ಮೆಲುದನಿಯು ಕೇಳಿಸದೆ ಹೋಯಿತು. ಅಡ್ಡಹಿಡಿಯುವ ಕೊಳಲು ಅದರ ಜಾಗವನ್ನು ಆಕ್ರಮಿಸಿಕೊಂಡಿತು. ಮರದ ಹಳೆಯ ಕೊಳಲುಗಳು ಕೆಲವು ವಸ್ತುಸಂಗ್ರಹಾಲಯಗಳಿಗೆ ಸೇರಿದವು, ಉಳಿದವು ಏನಾದುವೋ!

ಇನ್ನು ಪುನರುದ್ಧಾರದ ಕಥೆ. ಇಂಗ್ಲೆಂಡಿನ ಚೆಸ್ಟರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಬ್ರೆಸ್ಸಾನ್ ಎಂಬ ಪ್ರಸಿದ್ಧ ಕುಶಲಿಯು ಮಾಡಿದ ನಾಲ್ಕು ರೆಕಾರ್ಡರುಗಳು ಇದ್ದವು. ಜೋಸೆಫ್ ಬ್ರಿಜ್ ಎಂಬ ಸಂಗೀತಗಾರರು 1901ರಲ್ಲಿ ಅವುಗಳನ್ನು ಕುರಿತು ವಿದ್ವತ್ಸಭೆಯಲ್ಲಿ ಉಪನ್ಯಾಸ ಮಾಡಿದರು. ಆದರೆ ಕುತೂಹಲವೇ ಬೇರೆ, ಕೈವಶವೇ ಬೇರೆ. ಆ ಕೆಲಸಕ್ಕೆ ಕೈಹಾಕಿದವರು ಆರ್ನಾಲ್ಡ್ ಡೊಲ್ಮೆಚ್ ಎಂಬವರು. ಇವರು 1858ರಲ್ಲಿ ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ನೆಲಸಿದವರು. ಹಳೆಯ ಸಂಗೀತವನ್ನು ಅದು ಹುಟ್ಟಿದ ಕಾಲದ ವಾದ್ಯಗಳಲ್ಲಿಯೇ, ಆ ಕಾಲದ ಕ್ರಮದಲ್ಲಿಯೇ ನುಡಿಸಬೇಕೆಂಬುದು ಇವರ ಹಟ. ಕಲಿಸುವ ಗುರು ಇಲ್ಲದುದರಿಂದ, ಹಿಂದಿನ ಗುರುಗಳು ಬರೆದಿಟ್ಟ ಬೋಧಗ್ರಂಥಗಳನ್ನೇ ಗುರುವೆಂದು ಭಾವಿಸಿ ಹುಡುಕಿ ಓದಿದರು. ಅದರ ಸಾರವನ್ನು 1915ರಲ್ಲಿ ದೊಡ್ಡ ಪುಸ್ತಕವಾಗಿಯೂ ಪ್ರಕಟಿಸಿದರು. 1905ರಲ್ಲಿ ಹರಾಜಿನಲ್ಲಿ ಬ್ರೆಸ್ಸಾನನ ಒಂದು ಟ್ರೆಬಲ್ ರೆಕಾರ್ಡರು ಅವರ ಕೈಗೆ ಬಂದಿತ್ತು. ಅದನ್ನು ಊದಿ ಊದಿ, ಪುಸ್ತಕದೊಡನೆ ಹೋಲಿಸಿ, ತಾವೇ ತಮಗೆ ಕಲಿಸಿಕೊಂಡರು.

1919ರಲ್ಲಿ ಒಂದು ದಿನ ಕಚೇರಿ ಮುಗಿಸಿಕೊಂಡು ಸಂಸಾರಸಮೇತರಾಗಿ ಊರಿಗೆ ಹಿಂದಿರುಗುತ್ತಿದ್ದರು. ವಾದ್ಯಗಳ ಗಂಟುಗಳು ಬಹಳ. ಲಂಡನ್ನಿನ ವಾಟರ್ಲೂ ರೈಲುನಿಲ್ದಾಣದಲ್ಲಿ ರೈಲನ್ನು ಹತ್ತುವ ಗಡಿಬಿಡಿಯಲ್ಲಿ, ಕಿರಿಯ ಮಗನಾದ ಕಾರ್ಲನ ವಶದಲ್ಲಿದ್ದ ಚೀಲವು ಪ್ಲಾಟ್‌ಫಾರಮಿನ ಮೇಲೆಯೇ ಉಳಿದುಹೋಯಿತು. ಆ ಚೀಲದಲ್ಲಿದ್ದುದು ಬ್ರೆಸ್ಸಾನನ ಕೊಳಲು! ಹುಡುಗನಿಗೆ ಆಗ ಏಳೆಂಟು ವರ್ಷ. ರೈಲುಪ್ರಯಾಣದಲ್ಲಿ ಸಾಮಾನನ್ನು ಎಣಿಸಿ ಎಣಿಸಿ ಇಳಿಸುವ ನಮ್ಮ ಗೃಹಸ್ಥರಿಗೆ ಆ ಮನೆಯವರ ಸಂಕಟವನ್ನು ವಿವರಿಸಬೇಕಾಗಿಲ್ಲ. ಪುಣ್ಯಕ್ಕೆ ತಂದೆಯು ಮೊದಲೇ ಅದರ ಅಳತೆಗಳನ್ನು ತೆಗೆದಿಟ್ಟುಕೊಂಡಿದ್ದರು. ಆ ಅಳತೆಗಳನ್ನು ಹಿಡಿದು, ಮರವನ್ನು ಕಡೆದು, ಕೆಟ್ಟುದನ್ನು ಎಸೆದು, ಮತ್ತೆ ಕಡೆದು, ಕೊನೆಗೆ ತಾವೇ ಒಂದು ರೆಕಾರ್ಡರನ್ನು ಮಾಡಿ ಮುಗಿಸಿದರು. ಹೇಜಲ್‌ಮಿಯರ್ ಎಂಬ ಊರಿನ ಅವರ ಕಾರ್ಖಾನೆಯಿಂದ ಕೆಲವೇ ವರ್ಷಗಳಲ್ಲಿ ಡೆಸ್ಕಾಂಟಿನಿಂದ ಬಾಸಿನವರೆಗೆ ಇಡಿಯ ಸಂಸಾರವೇ ಹೊರಬಿದ್ದಿತು. 1925ರಿಂದ ಅಲ್ಲಿ ವರ್ಷಕ್ಕೊಮ್ಮೆ ಪ್ರಾಚೀನ ಸಂಗೀತದ ಉತ್ಸವವು ಆರಂಭವಾಯಿತು. ನುಡಿಸುವವರು ಬಹುಮಟ್ಟಿಗೆ ಮನೆಯವರೇ. ಚೀಲವನ್ನು ಮರೆತ ಕಾರ್ಲನು ಬೆಳೆದು ಆ ವಾದ್ಯದಲ್ಲಿ ಲೋಕಪ್ರಸಿದ್ಧನಾದನು. ಎಡ್ಗರ್ ಹಂಟ್ ಎಂಬವರು ಅದನ್ನು ಶಾಲೆಗಳಿಗೂ ವಿದ್ಯಾಲಯಕ್ಕೂ ಕೊಂಡೊಯ್ದರು. ಇವರೀರ್ವರೂ ಇನ್ನು ಕೆಲವರೂ ಸೇರಿ 1937ರಲ್ಲಿ ರೆಕಾರ್ಡರ್ ವಾದಕರ ಸಂಘವನ್ನು ಸ್ಥಾಪಿಸಿದರು. ಎರಡು ವರ್ಷಗಳ ಮೇಲೆ ನ್ಯೂಯಾರ್ಕಿನಲ್ಲಿಯೂ ಅಂತಹ ಸಂಘವೊಂದು ಹುಟ್ಟಿತು. ಎರಡೂ ಇಂದಿಗೂ ನಡೆಯುತ್ತಿವೆ.

ಗುರುವಿಲ್ಲದ ವಿದ್ಯೆಯಲ್ಲಿ ಅಪಾಯವಿಲ್ಲವೆಂದು ಹೇಳಲಾಗದು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಪೀಟರ್ ಹಾರ್ಲಾನ್ ಎಂಬವರು ರೆಕಾರ್ಡರುಗಳನ್ನು ಮಾಡಿಸತೊಡಗಿದರು. ಹಳೆಯ ಕ್ರಮದಲ್ಲಿ, ಕೆಳಗಿನ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಶುದ್ಧ ಮಧ್ಯಮಕ್ಕೆ ನಡುವಿನ ಒಂದು ಬೆರಳನ್ನು ಎತ್ತಿ ಅದರ ಕೆಳಗಿನ ಬೆರಳುಗಳನ್ನು ಮುಚ್ಚಿಯೇ ಇರಬೇಕು. ಇದು ತೊಡಕೆಂದು ಬಗೆದು, ಬೆರಳುಗಳನ್ನು ಒಂದಾದ ಮೇಲೊಂದರಂತೆ ಎತ್ತುತ್ತ ಹೋದರೆ ಸಾಕಾಗುವ ಹಾಗೆ ರಂಧ್ರಗಳನ್ನು ಮಾರ್ಪಡಿಸಿದರು. ಮಕ್ಕಳಿಗೆ ಶುದ್ಧ ಮಧ್ಯಮವು ಸುಲಭವಾಯಿತು. ಪ್ರತಿ ಮಧ್ಯಮವು ಕೆಟ್ಟಿತು! ಹಿಂದಿನವರು ಸುಮ್ಮನೆ ತೊಡಕನ್ನು ಇಟ್ಟಿರಲಿಲ್ಲ. ಹೇಳುವ ಗುರುವೊಬ್ಬನಿದ್ದಿದ್ದರೆ ಒಂದೇ ಮಾತಿನಲ್ಲಿ ತಡೆಯುತ್ತಿದ್ದನು. ಆ ಬಗೆಯ ಕೊಳಲುಗಳು ಇಂದಿಗೂ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಕಲಿತವರು ಅವುಗಳನ್ನು ಕೊಳ್ಳುವುದಿಲ್ಲ.

ಆದರೆ ಗುರುವಿನ ಸ್ಥಾನವನ್ನು ಬೇರೊಂದು ತುಂಬಿರುವುದು ಈ ಕಥೆಯಲ್ಲಿ ನಮಗೆ ಬಹು ಮುಖ್ಯವೆಂದು ತೋರುವುದು. ಅದೇ ಮೇಳ. ನಮ್ಮ ಸಂಗೀತದಲ್ಲಿ ರಾಗವೊಂದೇ ಎಳೆಯಾಗಿ ಹರಿಯುವುದು; ಪಿಟೀಲಿನವನು ಹಾಡುವವನನ್ನು ಅನುಸರಿಸುವನು. ಹದಿನಾರನೆಯ ಶತಮಾನದ ಆ ಸಂಗೀತದಲ್ಲಿಯಾದರೋ ನಾಲ್ಕೈದು ಎಳೆಗಳು ಏಕಕಾಲದಲ್ಲಿ ನಡೆಯುವುವು. ಒಬ್ಬನು ಆರಂಭಿಸಿದ ಸ್ವರಪಂಕ್ತಿಯನ್ನು ಕೆಲವು ಮಾತ್ರೆಗಳ ಮೇಲೆ ಇನ್ನೊಬ್ಬನು ಬೇರೊಂದು ಸ್ಥಾಯಿಯಲ್ಲಿ ಎತ್ತಿಕೊಳ್ಳುವನು. ಮೊದಲಿನವನು ಅಷ್ಟರಲ್ಲಿ ಮುಂದೆ ಸರಿದಿರುವನು. ಮುಖ್ಯನೆಂಬುವನಿಲ್ಲ, ಪಕ್ಕವಾದ್ಯವೂ ಇಲ್ಲ. ಮನೆಯಲ್ಲಿ ಕುಳಿತು ತನ್ನ ಎಳೆಯೊಂದನ್ನೇ ಅಭ್ಯಾಸ ಮಾಡುವವನಿಗೆ ಅದು ಅರ್ಧಮರ್ಧ ಮಾತಿನಂತೆ ಕೇಳುವುದು. ಮಧ್ಯೆ ಏಳೆಂಟು ಮಾತ್ರೆಗಳ ಮೌನ, ಬಳಿಕ ನಾಲ್ಕು ಸ್ವರ, ಮತ್ತೆ ಮೌನ. ಎಲ್ಲರೂ ಕೂಡಿದಾಗಲೇ ಆ ಮೌನದಲ್ಲಿ ಏನಿತ್ತೆಂಬುದು ತಿಳಿಯುವುದು.

ಆದುದರಿಂದ ಹೊಸಬನು ಕಲಿಯಬೇಕಾದ ಮೊದಲ ಪಾಠವು ಊದುವುದಲ್ಲ, ಎಣಿಸುವುದು. ಆ ಕಾಲದಲ್ಲಿ ಕೈಯನ್ನು ಒಂದು ಸಲ ಇಳಿಸಿ ಒಂದು ಸಲ ಎತ್ತುವುದರಿಂದ ಕಾಲವನ್ನು ಅಳೆಯುತ್ತಿದ್ದರು. ತಾಳ ಹಾಕಿ ಕಲಿತ ನಮ್ಮವರಿಗೆ ಅದು ಕಷ್ಟವಾಗಲಾರದು. ಎರಡನೆಯದು ನಾಲಗೆ. ನಮ್ಮ ಕೊಳಲಿನವರು ತುತ್ತುಕಾರವೆಂದು ಕರೆಯುವುದಕ್ಕೆ ಸಮನಾದುದು ಇಲ್ಲಿಯೂ ಉಂಟು. ವೆನಿಸಿನ ಗನಾಸ್ಸಿಯು 1535ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೆ-ಕೆ, ತೆ-ರೆ, ಲೆ-ರೆ ಎಂದು ಗಡುಸಿನಿಂದ ಮೃದುವಿನವರೆಗೆ ನಾಲಗೆಯ ಚಲನೆಗಳನ್ನು ಬಿಡಿಸಿ ಹೇಳಿರುವನು. ವಾದ್ಯಗಳೆಲ್ಲವೂ ಮನುಷ್ಯನ ಕಂಠವನ್ನೇ ಅನುಕರಿಸಬೇಕೆಂಬುದು ಅವನ ಮತ. ಈ ಮಾತನ್ನು ನಮ್ಮ ಯಾವ ವೈಣಿಕನೂ ಅಲ್ಲಗಳೆಯನು.

ಮೂರನೆಯದೇ ಕಠಿನವಾದುದು; ಅದು ಶ್ರುತಿ. ನಾಲ್ಕು ಕೊಳಲುಗಳನ್ನು ನಾಲ್ವರು ಊದುವಾಗ ಒಬ್ಬನ ಉಸಿರು ತುಸು ಹೆಚ್ಚಾದರೂ ಸ್ವರಗಳು ಒಂದನ್ನೊಂದು ತಿಕ್ಕಿ, ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಝೇಂಕರಿಸುವುವು. ತಪ್ಪು ಯಾರದೆಂದು ಹೊರಗಿನವರು ಹೇಳಲಾರರು. ಊದುವವರೇ ಕೇಳಿ, ತಗ್ಗಿ, ಏರಿ ಹೊಂದಿಸಿಕೊಳ್ಳಬೇಕು. ಕೃತಿಯ ಕೊನೆಯಲ್ಲಿ ಷಡ್ಜ, ಪಂಚಮ, ಗಾಂಧಾರಗಳು ಒಟ್ಟಿಗೆ ನಿಲ್ಲುವಾಗ, ಗಾಂಧಾರವನ್ನು ಹಿಡಿದವನು ಪಿಯಾನೋ ವಾದ್ಯದ ಗಾಂಧಾರಕ್ಕಿಂತ ಅದನ್ನು ತುಸು ತಗ್ಗಿಸಬೇಕು. ಅದು ಸರಿಯಾಗಿ ಕೂತ ಕ್ಷಣದಲ್ಲಿ, ಯಾರೂ ಊದದ ಒಂದು ಕೆಳಗಿನ ಸ್ವರವು ತಾನಾಗಿಯೇ ಕೇಳಿಸುವುದುಂಟು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಗಾಂಧಾರವು ತಾನೇ ನುಡಿಯುವುದನ್ನು ಕೇಳಿದವರಿಗೆ ಈ ಸುಖದ ಪರಿಚಯವಿರುವುದು. ಇದನ್ನು ಯಾವ ಗ್ರಂಥವೂ ಕಲಿಸದು. ಆದರೂ ಕೊಳಲುಗಳು ಕೂಡಿದಲ್ಲಿ ಅದು ತಪ್ಪದೆ ಹುಟ್ಟುವುದು, ಇಲ್ಲವೆ ಹುಟ್ಟದೆ ಇದ್ದು ತಪ್ಪನ್ನು ತೋರಿಸುವುದು. ಬಸ್ಸಾನೊ ಸೋದರರಿಗೆ ಅರಮನೆಯಲ್ಲಿ ಕೇಳಿಸಿದ ಸ್ವರವೂ ಅದೇ. ಪರಂಪರೆಯು ಕಡಿದರೂ ನಾದದ ನಿಯಮವು ಕಡಿಯಲಿಲ್ಲ.

ಇವರು ಯಾವ ಕೃತಿಗಳನ್ನು ನುಡಿಸುವರೆಂದು ಕೆಲವರು ಕೇಳಬಹುದು. 1551ರಲ್ಲಿ ಆಂಟ್‌ವೆರ್ಪ್ ನಗರದ ಮುದ್ರಕನಾದ ಟೀಲ್ಮಾನ್ ಸುಸಾಟೊ ಪ್ರಕಟಿಸಿದ ನೃತ್ಯಗಳಿಂದ ಆರಂಭಿಸುವುದು ರೂಢಿ. ಅವು ಸರಳವಾಗಿಯೂ ಲವಲವಿಕೆಯಾಗಿಯೂ ಇವೆ. 1599ರಲ್ಲಿ ಆಂಟನಿ ಹೋಲ್ಬೋರ್ನನು ಪ್ರಕಟಿಸಿದ ಅರುವತ್ತೈದು ಐದೆಳೆಯ ಕೃತಿಗಳು ಅದಕ್ಕಿಂತ ಪ್ರೌಢ. ತಂತಿವಾದ್ಯಗಳಿಗಾಗಲಿ ಊದುವ ವಾದ್ಯಗಳಿಗಾಗಲಿ ಇವು ಸಲ್ಲುವುವೆಂದು ಅವನು ಮುಖಪುಟದಲ್ಲಿಯೇ ಹೇಳಿರುವನು. ಕೈಯಲ್ಲಿರುವ ವಾದ್ಯದಿಂದಲೇ ನಡೆಸಿಕೊಳ್ಳಿರೆಂಬ ಈ ಔದಾರ್ಯವು ಅಂದಿನ ಮನೆಗಳ ಸಂಗೀತದ ಲಕ್ಷಣವಾಗಿದ್ದಿತು.

ಈ ವಾದ್ಯಕ್ಕೆ ಒಂದು ಅಪಕೀರ್ತಿಯೂ ಅಂಟಿಕೊಂಡಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಡನೆಯ ಮಹಾಯುದ್ಧದ ಬಳಿಕ ಮರದ ಬದಲು ಬೇಕಲೈಟಿನಲ್ಲಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಅಗ್ಗವಾದ ಡೆಸ್ಕಾಂಟುಗಳು ತಯಾರಾದವು. ಊದಿದೊಡನೆ ನುಡಿಯುವುದರಿಂದ ಶಾಲೆಗಳು ಅದನ್ನು ಆರಿಸಿಕೊಂಡವು. ಮೂವತ್ತು ನಲವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಒಂದೇ ಸ್ವರವನ್ನು ಶಕ್ತಿಮೀರಿ ಊದಿದರೆ ಹೇಗಿರಬಹುದು! ಆ ಶಬ್ದವನ್ನು ಕೇಳಿದ ತಂದೆತಾಯಿಗಳು ರೆಕಾರ್ಡರೆಂದರೆ ಇಷ್ಟೇ ಎಂದು ತಿಳಿದರು. ಮಕ್ಕಳಲ್ಲಿಯೂ ಬಹು ಮಂದಿ ಟ್ರೆಬಲನ್ನಾಗಲಿ ಬಾಸನ್ನಾಗಲಿ ಕಣ್ಣಿಂದ ನೋಡದೆಯೇ ಅದನ್ನು ಬಿಟ್ಟರು. ಹಾಲೆಂಡಿನ ಫ್ರಾನ್ಸ್ ಬ್ರುಗೆನ್ ಅವರಂತಹ ಮಹಾವಾದಕರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಮರ್ಯಾದೆಯನ್ನು ಉಳಿಸಿದರು. ಆದರೂ ನಮ್ಮ ಅಭಿಪ್ರಾಯದಲ್ಲಿ, ಆ ಮಕ್ಕಳಿಗೆ ಮಹಾವಾದಕನಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಪಕ್ಕದಲ್ಲಿ ಕುಳಿತು ಎರಡನೆಯ ಎಳೆಯನ್ನು ಊದುವ ಒಬ್ಬ ಜೊತೆಗಾರ.

ಇಂದಿನ ಸಂಘಗಳಲ್ಲಿ ಸೇರುವವರಲ್ಲಿ ನಿವೃತ್ತರೂ ಶಾಲೆಯಲ್ಲಿ ಬಿಟ್ಟುದನ್ನು ಮತ್ತೆ ಹಿಡಿದವರೂ ಹಲವರು. ತಿಂಗಳಿಗೊಮ್ಮೆಯೋ ವಾರಕ್ಕೊಮ್ಮೆಯೋ ಕೂಡುವರು. ಚಳಿದೇಶವಾದುದರಿಂದ ಊದುವ ಮೊದಲು ಕೊಳಲಿನ ತಲೆಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವರು. ಇಲ್ಲದಿದ್ದರೆ ಉಸಿರಿನ ಹಸಿಯು ಸೀಳಿನಲ್ಲಿ ನೀರಾಗಿ ನಿಂತು ದನಿಯು ಕಟ್ಟುವುದು. ಹೊಸ ಮರದ ಕೊಳಲನ್ನು ಮೊದಲ ವಾರಗಳಲ್ಲಿ ದಿನಕ್ಕೆ ಕೆಲವು ನಿಮಿಷ ಮಾತ್ರ ಊದಿ, ಒರಸಿ, ಆರಲು ಇಡಬೇಕು. ಬಾಸನ್ನು ಹಿಡಿದವರಿಗೆ ಉದ್ದುದ್ದ ಸ್ವರಗಳೇ ಹೆಚ್ಚು. ಇದನ್ನು ಕಂಡು ಕೆಲವರು ಅದನ್ನು ಕೈಲಾಗದವರಿಗೆ ಕೊಡುವರು. ಅದು ತಪ್ಪು. ಎಲ್ಲರ ಶ್ರುತಿಯೂ ಅದರ ಮೇಲೆಯೇ ಕೂತಿರುವುದು.

ಕೆಲವು ಹಟಗಾರರು ಆಧುನಿಕ ಮುದ್ರಣವನ್ನು ಬಿಟ್ಟು ಮೂಲಪುಸ್ತಕಗಳ ಪಡಿಯಚ್ಚಿನಿಂದಲೇ ನುಡಿಸುವರು. ಅಂದಿನ ಪುಸ್ತಕಗಳಲ್ಲಿ ಒಬ್ಬೊಬ್ಬನ ಎಳೆಯೂ ಬೇರೆ ಬೇರೆ ಹೊತ್ತಗೆಯಲ್ಲಿ ಇರುತ್ತಿದ್ದಿತು; ಮಾತ್ರೆಗಳನ್ನು ಕಟ್ಟಿ ತೋರಿಸುವ ಅಡ್ಡಗೆರೆಗಳಿಲ್ಲ, ಎಣಿಕೆಯ ಅಂಕಿಗಳೂ ಇಲ್ಲ. ಒಬ್ಬನು ಜಾರಿದನೆಂದರೆ ಉಳಿದವರು ಎಲ್ಲಿರುವರೆಂದು ಅವನ ಪುಟವು ಹೇಳದು. ಅವನು ಸುಮ್ಮನೆ ಕೇಳುತ್ತಿದ್ದು, ಪರಿಚಿತವಾದ ನಿಲುಗಡೆಯೊಂದು ಬಂದಾಗ ಸೇರಿಕೊಳ್ಳಬೇಕು. ಅದೂ ಆಗದಿದ್ದರೆ ಎಲ್ಲರೂ ನಿಲ್ಲಿಸಿ, ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕು, ಮೊದಲನೆಯ ಸ್ವರಕ್ಕೆ ಹಿಂದಿರುಗುವರು.